ಕೆಂಪು ಅಣಬೆ ಚೀಲದ ಮೇಲೆ 'ಕ್ಯಾನ್ಸರ್ ಕೋಶ ತಡೆಯುತ್ತದೆ' ಅಂತ ಬರೆಯಬಹುದಾ?

ನೆಲ್ಲುಹುಲ್ಲು, ಸಿಂಧನೂರು

ಎಲ್ಲರಿಗೂ ನಮಸ್ಕಾರ. ಐದು ವರ್ಷದಿಂದ ಅಣಬೆ ಬೆಳೆಯುತ್ತಿದ್ದೇನೆ. ಕಾಲುವೆಗೆ ನೀರು ಬಂದ ವರ್ಷ ನಮ್ಮ ಕಡೆ ನೆಲ್ಲಿನ ಹುಲ್ಲಿಗೆ ಬರ ಇರುವುದಿಲ್ಲ. ಎಷ್ಟೋ ಜನ ಗದ್ದೆಯಲ್ಲೇ ಬೆಂಕಿ ಹಚ್ಚಿಬಿಡುತ್ತಾರೆ. ನಾನು ಅದೇ ಹುಲ್ಲು ತಂದು, ಕತ್ತರಿಸಿ, ನೆನೆಸಿ, ಬಿಸಿನೀರಿನಲ್ಲಿ ಬೇಯಿಸಿ ಚೀಲ ತುಂಬುತ್ತೇನೆ. ಚಳಿಗಾಲಕ್ಕೆ ಚಿಪ್ಪು ಅಣಬೆ, ಬೇಸಿಗೆಗೆ ಹಾಲು ಅಣಬೆ. ಅದರಲ್ಲಿ ನನಗೆ ಗೊಂದಲ ಇಲ್ಲ.

ಗೊಂದಲ ಇರುವುದು ಹೋದ ವರ್ಷ ಶುರು ಮಾಡಿದ ಕೆಂಪು ಅಣಬೆಯಲ್ಲಿ. ಗ್ಯಾನೋಡರ್ಮಾ, ರೀಶಿ ಅಂತಾರಲ್ಲ, ಅದು. ಸಾಮಿಲ್‌ನ ಕಟ್ಟಿಗೆ ಹೊಟ್ಟಿಗೆ ತೌಡು ಸೇರಿಸಿ 200 ಚೀಲ ಹಾಕಿದೆ. ಮೊದಲ ಸಲ ಕೋಣೆಗೆ ಗಾಳಿ ಸಾಲಲಿಲ್ಲ. ಕೊಡೆ ಬಿಚ್ಚಲೇ ಇಲ್ಲ, ಜಿಂಕೆ ಕೊಂಬಿನ ಹಾಗೆ ಉದ್ದುದ್ದ ಬೆಳೆಯಿತು. ಎರಡನೇ ಸಲ ಕಿಟಕಿ ದೊಡ್ಡದು ಮಾಡಿ, ಸುತ್ತ ಒದ್ದೆ ಗೋಣಿ ಕಟ್ಟಿದೆ. ಚೆನ್ನಾಗಿ ಬಂತು. ಅಂಚಿನ ಬಿಳಿ ಪಟ್ಟಿ ಹೋಗಿ ಪೂರ್ತಿ ಕೆಂಪಾದ ಮೇಲೆ ಕೊಯ್ದು ಒಣಗಿಸಿದ್ದೇನೆ. ಕೈಗೆ ತಗೊಂಡರೆ ಮರದ ತುಂಡೇ, ಚಾಕು ಇಳಿಯುವುದಿಲ್ಲ.

ಈಗ ಒಬ್ಬ ವ್ಯಾಪಾರಿ ಪೂರ್ತಿ ಮಾಲು ತಗೊಳ್ಳುತ್ತೇನೆ ಅಂತ ಬಂದಿದ್ದಾನೆ. ಒಳ್ಳೆ ರೇಟು. ಆದರೆ ಚೀಲದ ಮೇಲೆ 'ಕ್ಯಾನ್ಸರ್ ಕೋಶಗಳ ಬೆಳವಣಿಗೆ ತಡೆಯುತ್ತದೆ, ಲ್ಯಾಬ್‌ನಲ್ಲಿ ಸಾಬೀತಾಗಿದೆ' ಅಂತ ಬರೆಸಬೇಕಂತೆ. ಎರಡು ಹಾಳೆಯ ರಿಪೋರ್ಟ್ ಕೊಟ್ಟ. ಹೇಲಾ ಕೋಶ, ಎಂಟಿಟಿ ಪರೀಕ್ಷೆ, ಪ್ರತಿ ಮಿಲಿಲೀಟರ್‌ಗೆ 500 ಮೈಕ್ರೋಗ್ರಾಂ, ಬೆಳವಣಿಗೆ ಕಡಿಮೆಯಾಯಿತು ಅಂತ ಇದೆ. ನನಗೆ ಅಷ್ಟೇ ಓದಲು ಬಂತು.

ಇನ್ನೊಂದು ವಿಷಯ. ಪಕ್ಕದ ಊರಿನ ಹುಡುಗ ಒಬ್ಬ ಮೊನ್ನೆ ಸಂಜೆ ಶೆಡ್ಡಿಗೆ ಬಂದ. ಅವರಪ್ಪನಿಗೆ ಗಂಟಲಲ್ಲಿ ಗಂಟಾಗಿದೆ. 'ಆಸ್ಪತ್ರೆಗೆ ಹೋಗುವ ಮೊದಲು ಎರಡು ತಿಂಗಳು ನಿನ್ನ ಅಣಬೆ ಕಷಾಯ ಕೊಟ್ಟು ನೋಡುತ್ತೇನೆ ಅಣ್ಣ' ಅಂದ. ನಾಳೆ ಬಾ ಅಂತ ಕಳಿಸಿದೆ. ರಾತ್ರಿ ನಿದ್ದೆ ಬರಲಿಲ್ಲ. ಆ ರಿಪೋರ್ಟ್‌ಗೆ ನಿಜವಾದ ಅರ್ಥ ಏನು? ಗೊತ್ತಿದ್ದವರು ದಯವಿಟ್ಟು ಹೇಳಿ.

ಔಷಧಿ ಅಂಗಡಿ, ಬಳ್ಳಾರಿ

ಮೊದಲು ಆ ಹುಡುಗನಿಗೆ ಫೋನ್ ಮಾಡಿ. ಎರಡು ತಿಂಗಳಲ್ಲ, ಎರಡು ದಿನ ಕೂಡ ಕಾಯಬಾರದು. ಗಂಟಲ ಗಂಟನ್ನು ಕಿವಿ-ಮೂಗು-ಗಂಟಲು ಡಾಕ್ಟರ್ ನೋಡಬೇಕು, ಬೇಕಾದರೆ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಉಳಿದ ಮಾತು ಆಮೇಲೆ.

ನೆಲ್ಲುಹುಲ್ಲು, ಸಿಂಧನೂರು

ಮಾಡಿದೆ ಸರ್. ನಾಳೆ ಬೆಳಗ್ಗೆ ನಾನೇ ಜೊತೆಗೆ ಹೋಗುತ್ತೇನೆ ಅಂತ ಹೇಳಿದ್ದೇನೆ.

ಗುಲಾಬಿ ಮೀಡಿಯಂ, ರಾಯಚೂರು

ತಮ್ಮ, ಇದನ್ನು ಕೇಳಿದ್ದು ತುಂಬಾ ಒಳ್ಳೆಯದಾಯಿತು. ನಾನು ಇದೇ ಕೆಲಸ ಮಾಡಿದವಳು. ನಾಲ್ಕು ವರ್ಷ ಕೋಶ ಬೆಳೆಸಿದ್ದೇನೆ, ಅಣಬೆ ಸಾರವನ್ನೂ ಹಾಕಿ ನೋಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಹೇಲಾ ಅಂದರೆ ಒಬ್ಬ ಹೆಣ್ಣುಮಗಳ ಕೋಶ. ಹೆನ್ರಿಯೆಟ್ಟಾ ಲ್ಯಾಕ್ಸ್ ಅಂತ ಅಮೆರಿಕದ ಕಪ್ಪು ಹೆಂಗಸು. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಆಗಿ 1951ರಲ್ಲಿ ತೀರಿಕೊಂಡರು. ಅವರನ್ನು ಕೇಳದೆಯೇ ತೆಗೆದ ಚೂರಿನ ಕೋಶಗಳು ಇವತ್ತಿಗೂ ಲೋಕದ ಲ್ಯಾಬ್‌ಗಳಲ್ಲಿ ಬೆಳೆಯುತ್ತಿವೆ. ಕೋಶಗಳ ಬಾಟಲಿ ತೆಗೆದಾಗೆಲ್ಲ ನನಗೆ ಅವರ ನೆನಪು ಬರುತ್ತಿತ್ತು. ನಮ್ಮಲ್ಲಿ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ಇಂಥ ಕೋಶಗಳನ್ನು ತರಿಸಿಕೊಳ್ಳುತ್ತಾರೆ.

ಪರೀಕ್ಷೆ ಹೀಗೆ ನಡೆಯುತ್ತದೆ. ಅಂಗೈಯಷ್ಟು ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಗುಳಿ. ನಮ್ಮ ಪಡ್ಡಿನ ಹಂಚು ನೆನಪಿಸಿಕೊಳ್ಳಿ, ಗುಳಿ ಮಾತ್ರ ಬಟಾಣಿ ಕಾಳಿನಷ್ಟು ಚಿಕ್ಕದು. ಒಂದೊಂದಕ್ಕೆ ಸುಮಾರು ಹತ್ತು ಸಾವಿರ ಕೋಶ, ಜೊತೆಗೆ ಗುಲಾಬಿ ಬಣ್ಣದ ಪೋಷಕ ದ್ರವ. ಮೈ ಬಿಸಿಯಷ್ಟೇ, 37 ಡಿಗ್ರಿಯಲ್ಲಿ ಒಂದು ದಿನ ಇಟ್ಟರೆ ಕೋಶ ತಳಕ್ಕೆ ಅಂಟಿಕೊಳ್ಳುತ್ತವೆ. ಆಮೇಲೆ ಅಣಬೆ ಸಾರ ಹಾಕುತ್ತೇವೆ. ಒಂದು ಸಾಲಿಗೆ ಕಡಿಮೆ, ಮುಂದಿನ ಸಾಲಿಗೆ ಜಾಸ್ತಿ, ಹೀಗೆ. ಒಂದು, ಎರಡು ಅಥವಾ ಮೂರು ದಿನ ಬಿಟ್ಟು ಎಂಟಿಟಿ ಅನ್ನುವ ಹಳದಿ ಬಣ್ಣದ ಪದಾರ್ಥ ಹಾಕುತ್ತೇವೆ. 1983ರಿಂದ ಬಳಕೆಯಲ್ಲಿರುವ ವಿಧಾನ ಇದು. ಬದುಕಿರುವ ಕೋಶ ಆ ಹಳದಿಯನ್ನು ನೇರಳೆ ಮಾಡುತ್ತದೆ. ಯಂತ್ರ ನೇರಳೆ ಎಷ್ಟಿದೆ ಅಂತ ಅಳೆಯುತ್ತದೆ. ನೇರಳೆ ಕಡಿಮೆ ಆದರೆ ಕೋಶದ ಬೆಳವಣಿಗೆ ಕಡಿಮೆ ಅಂತ ಬರೆಯುತ್ತೇವೆ.

ಇಲ್ಲೇ ಮೊದಲ ಎಡವಟ್ಟು. ನೇರಳೆ ಕಡಿಮೆ ಅಂದರೆ ಕೋಶ ಸತ್ತಿದೆ ಅಂತಲೇ ಅಲ್ಲ. ಸುಮ್ನೆ ಮಂಕಾಗಿರಬಹುದು, ಎರಡಾಗುವುದನ್ನು ನಿಲ್ಲಿಸಿರಬಹುದು. ಸತ್ತಿದೆಯಾ ಅಂತ ತಿಳಿಯಲು ಟ್ರೈಪಾನ್ ನೀಲಿ ಥರದ ಬೇರೆ ಪರೀಕ್ಷೆ ಬೇಕು. ಸತ್ತ ಕೋಶದೊಳಗೆ ನೀಲಿ ಹೋಗುತ್ತದೆ, ಬದುಕಿದ್ದರ ಒಳಗೆ ಹೋಗುವುದಿಲ್ಲ.

ಎರಡನೆಯದು, ಕೆಂಪು ಅಣಬೆ ಸಾರದ ಬಣ್ಣವೇ ಕಂದು, ಯಂತ್ರ ಆ ಬಣ್ಣವನ್ನೂ ಓದಿಬಿಡಬಹುದು. ಅಣಬೆಯೊಳಗಿನ ಕೆಲವು ಪದಾರ್ಥ ಕೋಶದ ಸಹಾಯ ಇಲ್ಲದೇ ಎಂಟಿಟಿಯನ್ನು ನೇರಳೆ ಮಾಡುತ್ತವೆ. ಅದಕ್ಕೆ ಕೋಶವೇ ಇಲ್ಲದ, ಬರೀ ಸಾರ ಹಾಕಿದ ಒಂದು ಸಾಲು ಇರಲೇಬೇಕು. ನಾನು ಮೊದಲ ಸಲ ಆ ಸಾಲು ಇಡಲಿಲ್ಲ. ಮೂರು ವಾರದ ಕೆಲಸ ಪೂರ್ತಿ ಮತ್ತೆ ಮಾಡಿದೆ.

ನಿಮ್ಮ ರಿಪೋರ್ಟ್‌ನಲ್ಲಿ ಇವು ಇವೆಯಾ ನೋಡಿ ಹೇಳಿ: ಸಾರ ಕರಗಿಸಿದ ದ್ರವ ಮಾತ್ರ ಹಾಕಿದ ಸಾಲು, ಗೊತ್ತಿರುವ ಕೀಮೋ ಔಷಧಿ ಹಾಕಿದ ಸಾಲು, ಕ್ಯಾನ್ಸರ್ ಅಲ್ಲದ ಸಾಮಾನ್ಯ ಕೋಶದ ಮೇಲೆ ಅದೇ ಸಾರ ಹಾಕಿದ ಫಲಿತಾಂಶ.

ನೆಲ್ಲುಹುಲ್ಲು, ಸಿಂಧನೂರು

ನೋಡಿದೆ ಅಕ್ಕ. ಮೂರೂ ಇಲ್ಲ. ಹೇಲಾ ಒಂದೇ ಇದೆ. ಅಣಬೆ ಯಾವ ಜಾತಿ, ಎಲ್ಲಿ ಬೆಳೆದದ್ದು ಅಂತಲೂ ಇಲ್ಲ. ಅಂದರೆ ನನ್ನ ಅಣಬೆಯನ್ನು ಯಾರೂ ಪರೀಕ್ಷೆ ಮಾಡಿಲ್ಲ, ಅಲ್ವಾ?

ಗುಲಾಬಿ ಮೀಡಿಯಂ, ರಾಯಚೂರು

ಹೌದು. ಯಾರದೋ ಅಣಬೆಯ ಫಲಿತಾಂಶ ನಿಮ್ಮ ಚೀಲದ ಮೇಲೆ ಬರುತ್ತಿದೆ.

ಸಾಮಾನ್ಯ ಕೋಶದ ಸಾಲು ಯಾಕೆ ಮುಖ್ಯ ಗೊತ್ತಾ? ಆ ಗುಳಿಗೆ ಹುಣಸೆ ರಸ ಹಾಕಿದರೂ ಕೋಶ ಸಾಯುತ್ತವೆ. ಉಪ್ಪು ಜಾಸ್ತಿ ಆದರೂ ಸಾಯುತ್ತವೆ. ಕ್ಯಾನ್ಸರ್ ಕೋಶವನ್ನು ಹಿಡಿದು, ಒಳ್ಳೆ ಕೋಶವನ್ನು ಬಿಡುತ್ತದೆಯೇ ಅನ್ನುವುದೇ ಪ್ರಶ್ನೆ.

ಈಗ 500 ಮೈಕ್ರೋಗ್ರಾಂ ಲೆಕ್ಕ. ದೊಡ್ಡವರ ಮೈಯಲ್ಲಿ ರಕ್ತ ಸುಮಾರು 5 ಲೀಟರ್ ಅಂತ ಇಟ್ಟುಕೊಳ್ಳಿ, ಅಂದರೆ 5000 ಮಿಲಿಲೀಟರ್. ಪ್ರತಿ ಮಿಲಿಲೀಟರ್‌ಗೆ 500 ಮೈಕ್ರೋಗ್ರಾಂ ಆಗಬೇಕಾದರೆ ಎರಡೂವರೆ ಗ್ರಾಂ ಸಾರ ಒಮ್ಮೆಗೇ ರಕ್ತದಲ್ಲಿರಬೇಕು. ಎರಡೂವರೆ ಗ್ರಾಂ ಅಣಬೆ ಅಲ್ಲ, ಸಾರ. ಅದೂ ಹೊಟ್ಟೆಯಲ್ಲಿ ಒಂದು ಕಣವೂ ಉಳಿಯದೆ, ಲಿವರ್ ಒಂದು ಕಣವನ್ನೂ ಮುರಿಯದೆ, ರಕ್ತ ಬಿಟ್ಟು ಬೇರೆಲ್ಲೂ ಹೋಗದೆ, ಮೂರು ದಿನ ಹಾಗೇ ನಿಂತಿರಬೇಕು. ಅಣಬೆಯ ಬೀಟಾ-ಗ್ಲೂಕನ್ ಅನ್ನುವ ದೊಡ್ಡ ಸಕ್ಕರೆ ಸರಪಳಿ ಕರುಳಿನಿಂದ ರಕ್ತಕ್ಕೆ ಇಳಿಯುವುದೇ ತೀರಾ ಕಡಿಮೆ. ಗುಳಿಯಲ್ಲಿ ಕೋಶ ಸಾರದೊಳಗೇ ಮುಳುಗಿ ಕೂತಿರುತ್ತದೆ. ಮನುಷ್ಯನ ಗಂಟು ಹಾಗೆ ಕೂತಿರುವುದಿಲ್ಲ.

ಕುಷ್ಟಗಿ ಹುಡುಗ

ಮೇಡಂ, ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ಒಂದು ಮಾತಿಗೆ ಒಪ್ಪುವುದಿಲ್ಲ. ಜಪಾನ್‌ನಲ್ಲಿ ಅಣಬೆಯಿಂದ ಮಾಡಿದ ಕ್ಯಾನ್ಸರ್ ಔಷಧಿಗೆ ಸರ್ಕಾರವೇ ಒಪ್ಪಿಗೆ ಕೊಟ್ಟಿದೆ. ಅದು ಸುಳ್ಳಾ? ನಮ್ಮವರ ಅಣಬೆ ಅಂದ ಕೂಡಲೇ ಯಾಕೆ ಅನುಮಾನ?

ಗುಲಾಬಿ ಮೀಡಿಯಂ, ರಾಯಚೂರು

ಸುಳ್ಳಲ್ಲ. ಒಳ್ಳೆ ಪ್ರಶ್ನೆ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗವೇ ಅದು.

ಜಪಾನ್ ಒಪ್ಪಿದ್ದು ಮೂರು. ಮರದ ಮೇಲೆ ಬಣ್ಣಬಣ್ಣದ ಪಟ್ಟೆಯಾಗಿ ಬೆಳೆಯುವ ಟ್ರಾಮೀಟಿಸ್ ಅಣಬೆಯಿಂದ ತೆಗೆದ ಕ್ರೆಸ್ಟಿನ್, 1977ರಲ್ಲಿ. ಶಿಟಾಕೆ ಅಣಬೆಯ ಲೆಂಟಿನಾನ್, 1985ರಲ್ಲಿ. ಸೀಳು ಕಿವಿರಿನ ಸಣ್ಣ ಅಣಬೆ ಸ್ಕಿಜೋಫಿಲಮ್‌ನಿಂದ ಸ್ಕಿಜೋಫಿಲ್ಲಾನ್, 1986ರಲ್ಲಿ. ಈ ಕೊನೆಯದು ನಮ್ಮ ದೇಶದಲ್ಲೂ ಒಣ ಕಟ್ಟಿಗೆ ಮೇಲೆ ಬೆಳೆಯುತ್ತದೆ, ಮಣಿಪುರದ ಕಡೆ ಅಡುಗೆಗೂ ಹಾಕುತ್ತಾರೆ.

ಆದರೆ ನೋಡಪ್ಪ, ಲೆಂಟಿನಾನ್ ಕಷಾಯ ಅಲ್ಲ. ಶುದ್ಧ ಮಾಡಿ ಸೂಜಿಯಲ್ಲಿ ರಕ್ತಕ್ಕೆ ಕೊಡುತ್ತಿದ್ದರು. ಹೊಟ್ಟೆ ಕ್ಯಾನ್ಸರ್‌ಗೆ ಕೀಮೋ ಜೊತೆಗೆ ಕೊಡುತ್ತಿದ್ದರು, ಕೀಮೋ ಬದಲಿಗೆ ಅಲ್ಲ. ಇನ್ನೊಂದು ಗಮನಿಸು. 1969ರಲ್ಲಿ ಚಿಹಾರಾ ಮತ್ತು ಜೊತೆಗಾರರು ಇದನ್ನು ಇಲಿಗಳ ಮೇಲೆ ನೋಡಿದಾಗ ಗಡ್ಡೆ ಕರಗಿತು. ಅದೇ ಪದಾರ್ಥವನ್ನು ಗುಳಿಯಲ್ಲಿ ಕ್ಯಾನ್ಸರ್ ಕೋಶದ ಮೇಲೆ ಹಾಕಿದರೆ ಅದು ನೇರವಾಗಿ ಕೊಲ್ಲುವುದಿಲ್ಲ. ಅದು ಕೆಲಸ ಮಾಡುವುದು ಮೈಯ ರೋಗನಿರೋಧಕ ಕೋಶಗಳನ್ನು ಎಬ್ಬಿಸಿ. ನಮ್ಮ ಬಿಳಿ ರಕ್ತಕೋಶಗಳ ಮೇಲೆ ಡೆಕ್ಟಿನ್-1 ಅನ್ನುವ ಒಂದು ಹಿಡಿಕೆ ಇದೆ. ಬೀಟಾ-ಗ್ಲೂಕನ್ ಹಿಡಿಯುವುದು ಅದೇ ಅಂತ 2001ರಲ್ಲಿ ಗೊತ್ತಾಯಿತು. ಶಿಲೀಂಧ್ರ ಒಳಗೆ ಬಂತು ಅಂತ ತಿಳಿದು ಕೋಶ ಎಚ್ಚರ ಆಗುತ್ತದೆ.

ಅಂದರೆ ನೆಲ್ಲುಹುಲ್ಲು ಅವರ ವ್ಯಾಪಾರಿ ತೋರಿಸಿದ ಎಂಟಿಟಿ ಪರೀಕ್ಷೆಯಲ್ಲಿ ಲೆಂಟಿನಾನ್ ಫೇಲ್ ಆಗುತ್ತಿತ್ತು. ಆ ತಟ್ಟೆಯಲ್ಲಿ ರೋಗನಿರೋಧಕ ಕೋಶಗಳೇ ಇಲ್ಲ, ಇನ್ನು ಎಬ್ಬಿಸುವುದು ಯಾರನ್ನು? ಗುಳಿಯಲ್ಲಿ ಪಾಸಾದ ನೂರಾರು ಸಾರಗಳು ಮನುಷ್ಯನವರೆಗೆ ಬರಲಿಲ್ಲ. ಈ ಒಂದು ಮಾತು ಹೇಳಲಿಕ್ಕೇ ನಾನು ಇಷ್ಟು ಬರೆಯುತ್ತಿರುವುದು.

ಕೆಂಪು ಅಣಬೆ ಬಗ್ಗೆಯೂ ಮನುಷ್ಯರ ಮೇಲಿನ ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ ಒಟ್ಟಿಗೆ ಇಟ್ಟು ತೂಗಿ ನೋಡಿದೆ, 2016ರಲ್ಲಿ. ಲೆಕ್ಕಕ್ಕೆ ಸಿಕ್ಕಿದ್ದು 5 ಪ್ರಯೋಗ, 373 ಜನ. ಅಷ್ಟೇ. ಕ್ಯಾನ್ಸರ್‌ಗೆ ಮೊದಲ ಚಿಕಿತ್ಸೆಯಾಗಿ ಇದನ್ನು ಬಳಸಲು ಸಾಕ್ಷಿ ಇಲ್ಲ ಅಂತ ಬರೆದರು. ಕೀಮೋ, ರೇಡಿಯೇಷನ್ ಜೊತೆಗೆ ಪೂರಕವಾಗಿ ಸ್ವಲ್ಪ ಸಹಾಯ ಆಗಬಹುದು ಅಂದರು. ಆ ಪ್ರಯೋಗಗಳ ಗುಣಮಟ್ಟ ಚೆನ್ನಾಗಿರಲಿಲ್ಲ ಅಂತಲೂ ಹೇಳಿದರು. ನನಗೆ ನಮ್ಮವರ ಅಣಬೆ ಮೇಲೆ ಅನುಮಾನ ಇಲ್ಲ. ಚೀಲದ ಮೇಲಿನ ಮಾತಿನ ಮೇಲೆ ಅನುಮಾನ.

ಕುಷ್ಟಗಿ ಹುಡುಗ

ಗುಳಿಯಲ್ಲಿ ಕೊಲ್ಲುವುದಿಲ್ಲ ಅನ್ನುವುದು ಗೊತ್ತಿರಲಿಲ್ಲ ಮೇಡಂ. ಥ್ಯಾಂಕ್ಸ್. ನಮ್ಮ ಅಜ್ಜಿ ಬೇವಿನ ಮರದ ಬುಡದಲ್ಲಿ ಬೆಳೆದ ಗಟ್ಟಿ ಅಣಬೆ ಕಿತ್ತು ತಂದು ಮಂಡಿನೋವಿಗೆ ಕುದಿಸಿ ಕುಡಿಯುತ್ತಾರೆ. ಅದೂ ಇದೇನಾ?

ಗುಲಾಬಿ ಮೀಡಿಯಂ, ರಾಯಚೂರು

ಇಷ್ಟರಿಂದಲೇ ಹೇಳಲು ಆಗುವುದಿಲ್ಲ. ಗ್ಯಾನೋಡರ್ಮಾದಲ್ಲೇ ಎಷ್ಟೋ ಜಾತಿ ಇವೆ. ಅಡಿಕೆ ತೋಟದವರಿಗೆ ಅಣಬೆ ರೋಗ ತರುವುದೂ ಅದೇ ಕುಟುಂಬ. ನೋಡಲು ಒಂದೇ ಥರ ಇರುತ್ತವೆ, ಒಳಗಿನ ಪದಾರ್ಥ ಬೇರೆ. ಅಜ್ಜಿಗೆ ಬೇಡ ಅಂತ ಪ್ರೀತಿಯಿಂದ ಹೇಳಪ್ಪ.

ಆನೆಗೊಂದಿ ಸೊಸೆ, ಗಂಗಾವತಿ

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ಯಾರಿಗಾದರೂ ಉಪಯೋಗ ಆಗಲಿ.

ನಮ್ಮ ಅತ್ತೆಗೆ ಎದೆಯ ಕ್ಯಾನ್ಸರ್. ಆಪರೇಷನ್ ಆಗಿ ಕೀಮೋ ನಡೆಯುತ್ತಿತ್ತು. ಎರಡನೇ ಕೀಮೋ ಆದ ಮೇಲೆ ಕೂದಲು ಪೂರ್ತಿ ಹೋಯಿತು, ಬಾಯಲ್ಲಿ ಹುಣ್ಣು. ಅವರು ದಿನಾ ಅಳುತ್ತಿದ್ದರು. ಆಗ ನಮ್ಮ ಸಂಬಂಧಿಕರೊಬ್ಬರು ಅಣಬೆ ಕ್ಯಾಪ್ಸೂಲ್ ತಂದುಕೊಟ್ಟರು. ಬಾಟಲಿಗೆ 3,400 ರೂಪಾಯಿ. ಅವರೂ ಯಾವುದೋ ಚೈನ್ ವ್ಯಾಪಾರಕ್ಕೆ ಸೇರಿದ್ದರು. ಕೆಟ್ಟ ಮನಸ್ಸಿನಿಂದ ಕೊಟ್ಟಿದ್ದಲ್ಲ, ಅವರೂ ನಂಬಿದ್ದರು. ದಿನಕ್ಕೆ ಆರು. ಅತ್ತೆ ನಮಗೂ ಹೇಳದೆ ಅಕ್ಕಿ ಡಬ್ಬಿಯ ಹಿಂದೆ ಇಟ್ಟುಕೊಂಡು ನುಂಗುತ್ತಿದ್ದರು.

ಮೂರನೇ ಕೀಮೋಗೆ ಹೋದಾಗ ರಕ್ತ ಪರೀಕ್ಷೆಯಲ್ಲಿ ಲಿವರ್ ಅಂಕೆಗಳು ತುಂಬಾ ಮೇಲೆ ಹೋಗಿದ್ದವು. ಡಾಕ್ಟರ್ ಕೀಮೋ ಕೊಡಲು ಒಪ್ಪಲಿಲ್ಲ. ಬೇರೇನಾದರೂ ತಗೊಳ್ಳುತ್ತಿದ್ದೀರಾ ಅಂತ ಮೂರು ಸಲ ಕೇಳಿದರು. ಮೂರನೇ ಸಲ ಅತ್ತೆ ಸೆರಗಿನ ಗಂಟು ಬಿಚ್ಚಿ ಎರಡು ಕ್ಯಾಪ್ಸೂಲ್ ತೆಗೆದು ಮೇಜಿನ ಮೇಲೆ ಇಟ್ಟರು. ಆವತ್ತಿನ ಅವರ ಮುಖ ನನಗೆ ಮರೆಯಲು ಆಗುವುದಿಲ್ಲ.

ಡಾಕ್ಟರ್ ಬೈಯಲಿಲ್ಲ. 'ಇದರಿಂದಲೇ ಅಂತ ನಾನು ಹೇಳಲಾರೆ ಅಮ್ಮ, ಕೀಮೋದಿಂದಲೂ ಆಗಿರಬಹುದು. ಆದರೆ ಇದನ್ನು ನಿಲ್ಲಿಸದೆ ನನಗೆ ಗೊತ್ತಾಗುವುದಿಲ್ಲ' ಅಂದರು. ನಿಲ್ಲಿಸಿದೆವು. ಎರಡು ವಾರದ ನಂತರ ಅಂಕೆ ಇಳಿಯಿತು, ಕೀಮೋ ಮತ್ತೆ ಶುರುವಾಯಿತು. ಆ ಎರಡು ವಾರ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ನೆಲ್ಲುಹುಲ್ಲು ಅಣ್ಣಾ, ನಿಮ್ಮ ಚೀಲದ ಮೇಲಿನ ಆ ಒಂದು ಸಾಲನ್ನು ನಮ್ಮ ಅತ್ತೆಯಂಥವರು ಓದುತ್ತಾರೆ. ಎಂಟಿಟಿ ಗೊತ್ತಿಲ್ಲದವರು ಓದುತ್ತಾರೆ.

ನೆಲ್ಲುಹುಲ್ಲು, ಸಿಂಧನೂರು

ಅಕ್ಕ, ಓದಿದೆ. ಅತ್ತೆ ಈಗ ಹೇಗಿದ್ದಾರೆ?

ಆನೆಗೊಂದಿ ಸೊಸೆ, ಗಂಗಾವತಿ

ಕೀಮೋ ಮುಗಿದಿದೆ ಅಣ್ಣಾ. ಕೂದಲು ಬರುತ್ತಿದೆ, ಮೊದಲಿಗಿಂತ ಗುಂಗುರು. ಬೆಳಗ್ಗೆ ಮತ್ತೆ ತಾವೇ ರೊಟ್ಟಿ ಬಡಿಯುತ್ತಿದ್ದಾರೆ.

ಔಷಧಿ ಅಂಗಡಿ, ಬಳ್ಳಾರಿ

ಅಕ್ಕ ಬರೆದದ್ದು ಅಪರೂಪದ ಕಥೆ ಅಲ್ಲ. ನಮ್ಮ ಕೌಂಟರ್‌ಗೆ ಬರುವವರು ಕೂಡ ಹೇಳುವುದಿಲ್ಲ, 'ಅದು ಔಷಧಿ ಅಲ್ಲವಲ್ಲ ಸರ್, ಅಣಬೆ' ಅಂತಾರೆ.

ರೀಶಿ ಪುಡಿಯಿಂದ ಲಿವರ್‌ಗೆ ತೊಂದರೆಯಾದ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಹೆಚ್ಚಿಲ್ಲ, ಆದರೆ ಇವೆ. ಇದಕ್ಕಿಂತ ನನಗೆ ಜಾಸ್ತಿ ಭಯ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರದ್ದು. ಹೃದಯದ ವಾಲ್ವ್ ಬದಲಾಯಿಸಿಕೊಂಡವರು ವಾರ್ಫರಿನ್ ತಗೊಳ್ಳುತ್ತಾರೆ, ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೋಪಿಡೊಗ್ರೆಲ್. ರೀಶಿ ಜೊತೆಗೆ ಸೇರಿದರೆ ರಕ್ತ ಹೆಪ್ಪುಗಟ್ಟುವುದು ಇನ್ನೂ ತಡವಾಗಬಹುದು. ಆಪರೇಷನ್ ದಿನ ಗೊತ್ತಾಗಿದ್ದರೆ ಮೊದಲೇ ನಿಲ್ಲಿಸಬೇಕು, ಡಾಕ್ಟರ್‌ಗೆ ಹೇಳಲೇಬೇಕು. ಕಿಡ್ನಿ ಕಸಿ ಆದವರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುತ್ತಾರೆ. ಅದನ್ನೇ ಎಬ್ಬಿಸುವ ಪದಾರ್ಥ ಅವರಿಗೆ ಕೊಟ್ಟರೆ ಹೇಗೆ?

ಚೀಲದ ವಿಷಯಕ್ಕೆ ಕಾನೂನು ಸ್ಪಷ್ಟ ಇದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಕ್ಯಾನ್ಸರ್ ಇದೆ. ಆ ಪಟ್ಟಿಯ ರೋಗಗಳನ್ನು ಗುಣಪಡಿಸುತ್ತೇವೆ ಅಂತ ಜಾಹೀರಾತು ಕೊಡುವ ಹಾಗಿಲ್ಲ. ಲೇಬಲ್ ಕೂಡ ಜಾಹೀರಾತಿನ ಲೆಕ್ಕಕ್ಕೆ ಬರುತ್ತದೆ. ಒಣಗಿಸಿ ಪ್ಯಾಕ್ ಮಾಡಿ ಮಾರಲು ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ) ನೋಂದಣಿಯೂ ಬೇಕು. ಚೀಲ ಹೊಲಿಸುವವರು ನೀವು, ಹೆಸರು ನಿಮ್ಮದು. ತೊಂದರೆ ಆದಾಗ ವ್ಯಾಪಾರಿ ಫೋನ್ ಎತ್ತುವುದಿಲ್ಲ.

ಸಿರುಗುಪ್ಪ 21

ನಾನು ಇನ್ನೊಂದು ಅಣಬೆಯ ಕಥೆ ಹೇಳುತ್ತೇನೆ, ಕಾರ್ಡಿಸೆಪ್ಸ್ ಮಿಲಿಟಾರಿಸ್. ಕಿತ್ತಳೆ ಬಣ್ಣ, ಸಣ್ಣ ಬೆರಳಿನಂತೆ ಮೇಲಕ್ಕೆ ಬರುತ್ತದೆ. ಬಾಟಲಿಯಲ್ಲಿ ಕೆಂಪಕ್ಕಿ ಮೇಲೆ ಬೆಳೆಸುವುದು. ಎರಡು ದಿನದ ತರಬೇತಿ ಕೊಟ್ಟವರು 'ಇದರಲ್ಲಿರುವ ಕಾರ್ಡಿಸೆಪಿನ್ ಕ್ಯಾನ್ಸರ್ ಕೋಶ ನಿಲ್ಲಿಸುತ್ತದೆ, ನೀವು ಬೆಳೆದರೆ ಸಾಕು ನಾವೇ ಕೊಳ್ಳುತ್ತೇವೆ' ಅಂದರು. ಕೋಣೆ 18ರಿಂದ 22 ಡಿಗ್ರಿ ಇರಬೇಕು. ಸಿರುಗುಪ್ಪದ ಏಪ್ರಿಲ್ ಗೊತ್ತಲ್ಲ, ಹೊರಗೆ 42. ಎರಡು ಎಸಿ ಹಗಲು ರಾತ್ರಿ ಓಡಿದವು. ಕರೆಂಟ್ ಹೋದ ಒಂದು ಮಧ್ಯಾಹ್ನ ಅರ್ಧ ಬಾಟಲಿಗೆ ಹಸಿರು ಬೂಷ್ಟು ಬಂತು. ಉಳಿದದ್ದು ಚೆನ್ನಾಗಿ ಬಂತು, ಆದರೆ ಕೊಳ್ಳುತ್ತೇವೆ ಅಂದವರು ಬರಲೇ ಇಲ್ಲ. ಮನೆಯಲ್ಲಿ ಇನ್ನೂ ನಾಲ್ಕು ಕೆ.ಜಿ. ಒಣಗಿದ್ದು ಇದೆ. ಮೇಡಂ, ಕಾರ್ಡಿಸೆಪಿನ್ ವಿಷಯವಾದರೂ ನಿಜವಾ?

ಗುಲಾಬಿ ಮೀಡಿಯಂ, ರಾಯಚೂರು

ಕಾರ್ಡಿಸೆಪಿನ್ ನಿಜವಾದ ವಿಷಯ, ಅಣ್ಣಾ. 1950ರಲ್ಲೇ ಇದೇ ಅಣಬೆಯಿಂದ ಬೇರ್ಪಡಿಸಿದರು. ಅದು ಕೋಶ ತಡೆಯುವ ರೀತಿಯೂ ಚೆನ್ನಾಗಿ ಗೊತ್ತು.

ಕೋಶ ಬೆಳೆಯಬೇಕಾದರೆ ಆರ್‌ಎನ್‌ಎ ಅನ್ನುವ, ಪ್ರೋಟೀನ್ ಮಾಡಲು ಸಂದೇಶ ಒಯ್ಯುವ ಸರಪಳಿ ಕಟ್ಟಬೇಕು. ಮಲ್ಲಿಗೆ ಮಾಲೆ ಕಟ್ಟಿದ ಹಾಗೆ, ಒಂದು ಹೂವಿನ ತೊಟ್ಟಿಗೆ ಇನ್ನೊಂದನ್ನು ಸೇರಿಸುತ್ತಾ ಹೋಗುವುದು. ಕಾರ್ಡಿಸೆಪಿನ್ ನೋಡಲು ಅದೇ ಹೂ, ಆದರೆ ಮುಂದಿನದನ್ನು ಕಟ್ಟಲು ತೊಟ್ಟು ಇಲ್ಲ. ಒಂದು ಸಲ ಮಾಲೆಗೆ ಸೇರಿಕೊಂಡರೆ ಮಾಲೆ ಅಲ್ಲಿಗೇ ನಿಲ್ಲುತ್ತದೆ. ಗುಳಿಯಲ್ಲಿ ನಾನೇ ನೋಡಿದ್ದೇನೆ. ಮೈಕ್ರೋಸ್ಕೋಪ್‌ನಲ್ಲಿ ಸಾಮಾನ್ಯವಾಗಿ ಕೋಶಗಳು ಕೈಕಾಲು ಚಾಚಿ ನೆಲಕ್ಕೆ ಅಂಟಿಕೊಂಡಿರುತ್ತವೆ. ಹಾಕಿದ ಎರಡನೇ ದಿನ ಕೈಕಾಲು ಎಳೆದುಕೊಂಡು ಸಾಬೂದಾನಿ ಕಾಳಿನ ಹಾಗೆ ದುಂಡಗಾಗಿ ತೇಲುತ್ತಿದ್ದವು.

ಆದರೆ ಮನುಷ್ಯನ ರಕ್ತದಲ್ಲಿ ಅಡೆನೋಸಿನ್ ಡಿಅಮಿನೇಸ್ ಅನ್ನುವ ಕಿಣ್ವ ಇದೆ. ಅದು ಕಾರ್ಡಿಸೆಪಿನ್ ಅನ್ನು ನಿಮಿಷಗಳಲ್ಲೇ ಮುರಿದುಹಾಕುತ್ತದೆ. ಅದಕ್ಕೇ ಆಕ್ಸ್‌ಫರ್ಡ್‌ನ ಸಂಶೋಧಕರು ಒಂದು ಕಂಪನಿ ಜೊತೆ ಸೇರಿ ಅದರ ರೂಪವನ್ನೇ ಬದಲಾಯಿಸಿದರು, ಆ ಕಿಣ್ವಕ್ಕೆ ಸಿಗದ ಹಾಗೆ. ಎನ್‌ಯುಸಿ-7738 ಅಂತ ಹೆಸರು. ಅದು ರೋಗಿಗಳ ಮೇಲಿನ ಪ್ರಯೋಗದವರೆಗೆ ಬಂದಿದೆ. 1950ರಲ್ಲಿ ಸಿಕ್ಕ ಪದಾರ್ಥ ಅಲ್ಲಿಗೆ ಮುಟ್ಟಲು ಸುಮಾರು 70 ವರ್ಷ ಬೇಕಾಯಿತು. ನಿಮ್ಮ ಬಾಟಲಿಯ ಕಾರ್ಡಿಸೆಪ್ಸ್ ಚಹಾ ಕುಡಿದರೆ ಅದೇ ಆಗುತ್ತದೆ ಅಂದವರು ಈ 70 ವರ್ಷದ ಕಷ್ಟವನ್ನೇ ಮರೆಮಾಡಿದರು. ನಿಮಗೆ ಆದ ನಷ್ಟ ನೋಡಿ ನನಗೆ ಸಿಟ್ಟೇ ಬರುತ್ತದೆ.

ಲಿಂಗಸುಗೂರು ಮಾಸ್ತರ

ನಾನು ನಿವೃತ್ತ ವಿಜ್ಞಾನ ಮಾಸ್ತರ. ಚರ್ಚೆ ಚೆನ್ನಾಗಿ ನಡೆದಿದೆ. ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ, ಮನೆಯಲ್ಲೇ ಮಾಡಬಹುದು.

ಮಾರುಕಟ್ಟೆಯ ಎಷ್ಟೋ ಅಣಬೆ ಪುಡಿಗಳು ಕೊಡೆಯ ಪುಡಿ ಅಲ್ಲ. ಕಾಳಿನ ಮೇಲೆ ಅಣಬೆಯ ಬಿಳಿ ಬೇರುಜಾಲ ಹಬ್ಬಿಸಿ, ಕಾಳು ಸಮೇತ ಒಣಗಿಸಿ ಬೀಸಿರುತ್ತಾರೆ. ಅದರಲ್ಲಿ ಅರ್ಧಕ್ಕರ್ಧ ಪಿಷ್ಟ ಇದ್ದರೂ ಇರಬಹುದು. ಪಿಷ್ಟಕ್ಕೆ ಅಯೋಡಿನ್ ಹಾಕಿದರೆ ಕಡುನೀಲಿ ಆಗುತ್ತದೆ, ಏಳನೇ ತರಗತಿಯಲ್ಲಿ ಆಲೂಗಡ್ಡೆ ಮೇಲೆ ಮಾಡಿಸುತ್ತಿದ್ದೆವು. ಪುಡಿಯನ್ನು ಒಂದು ಬಟ್ಟಲು ನೀರಿಗೆ ಹಾಕಿ ಕುದಿಸಿ. ಪೂರ್ತಿ ತಣ್ಣಗಾದ ಮೇಲೆ ಟಿಂಚರ್ ಅಯೋಡಿನ್ ನಾಲ್ಕು ಹನಿ ಬಿಡಿ. ಕೊಡೆಯ ಪುಡಿ ಆದರೆ ಅಯೋಡಿನ್‌ನ ಕಂದು ಬಣ್ಣವೇ ಉಳಿಯುತ್ತದೆ. ಕಾಳು ಇದ್ದರೆ ಕಪ್ಪು-ನೀಲಿ ಆಗುತ್ತದೆ. ಪರೀಕ್ಷೆ ಮಾಡಿದ್ದನ್ನು ಚೆಲ್ಲಿಬಿಡಿ, ಯಾರೂ ಕುಡಿಯಬಾರದು.

ಗುಲಾಬಿ ಮೀಡಿಯಂ, ರಾಯಚೂರು

ಮಾಸ್ತರೇ, ನಮಸ್ಕಾರ. ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಸಾರ ತೆಗೆಯುವ ರೀತಿಯಿಂದಲೇ ಫಲಿತಾಂಶ ಬದಲಾಗುತ್ತದೆ. ಬಿಸಿನೀರಿಗೆ ಬರುವುದು ಬೀಟಾ-ಗ್ಲೂಕನ್. ರೀಶಿಯ ಆ ಕಹಿ ಇದೆಯಲ್ಲ, ಗ್ಯಾನೋಡೆರಿಕ್ ಆಮ್ಲಗಳು, ಅವು ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ಕರಗುತ್ತವೆ. ಗುಳಿಯಲ್ಲಿ ಕ್ಯಾನ್ಸರ್ ಕೋಶದ ಬೆಳವಣಿಗೆ ತಗ್ಗಿಸುವುದು ಹೆಚ್ಚಾಗಿ ಈ ಕಹಿ ಭಾಗ. ಲ್ಯಾಬ್‌ನವರು ಆಲ್ಕೋಹಾಲ್ ಸಾರದ ಫಲಿತಾಂಶ ಬರೆಯುತ್ತಾರೆ, ಜನ ಮನೆಯಲ್ಲಿ ನೀರಿನಲ್ಲಿ ಕುದಿಸಿ ಕುಡಿಯುತ್ತಾರೆ. ಎರಡೂ ಒಂದೇ ಅಲ್ಲ.

ಎಲ್ಲ ಅಣಬೆಯೂ ತಡೆಯುವುದೇ ಅಂತಲೂ ಇಲ್ಲ. ಹೆರಿಸಿಯಮ್ ಅಂತ ಬಿಳಿ ಗಡ್ಡದ ಹಾಗಿರುವ ಅಣಬೆ ಇದೆ. ಅದರ ಪದಾರ್ಥಗಳು ಗುಳಿಯಲ್ಲಿ ನರ ಬೆಳೆಸುವ ಪ್ರೋಟೀನ್ ಜಾಸ್ತಿ ಮಾಡಿಸುತ್ತವೆ. ಕೋಶದ ಬೆಳವಣಿಗೆ ಅನ್ನುವುದು ಒಂದೇ ದಿಕ್ಕಿನ ಆಟ ಅಲ್ಲ.

ನೆಲ್ಲುಹುಲ್ಲು, ಸಿಂಧನೂರು

ಒಂದು ವಾರ ಆಯಿತು, ಬರೆಯಲು ಆಗಿರಲಿಲ್ಲ.

ಮೊದಲು ಆ ಹುಡುಗನ ಅಪ್ಪನ ವಿಷಯ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ, ಸೋಮವಾರ ರಿಪೋರ್ಟ್. 'ಬೇಗ ಬಂದದ್ದು ಒಳ್ಳೆಯದಾಯಿತು' ಅಂತ ಡಾಕ್ಟರ್ ಅಂದರು. ಹುಡುಗ ಹೊರಗೆ ಬೆಂಚಿನ ಮೇಲೆ ನನ್ನ ಕೈ ಹಿಡಿದುಕೊಂಡು ಕೂತಿದ್ದ.

ಮಾಸ್ತರ ಹೇಳಿದ ಪರೀಕ್ಷೆ ಮಾಡಿದೆ. ನಮ್ಮಮ್ಮನ ಎರಡು ಸ್ಟೀಲ್ ಬಟ್ಟಲು ತಗೊಂಡೆ. ಒಂದಕ್ಕೆ ನನ್ನ ಕೆಂಪು ಅಣಬೆ ಬೀಸಿದ್ದು. ಇನ್ನೊಂದಕ್ಕೆ ವ್ಯಾಪಾರಿ ನಮೂನೆಗೆ ಅಂತ ಕೊಟ್ಟಿದ್ದ ಕ್ಯಾಪ್ಸೂಲ್ ಬಿಚ್ಚಿ ಹಾಕಿದೆ. ಕುದಿಸುವಾಗಲೇ ವ್ಯತ್ಯಾಸ ಇತ್ತು, ನನ್ನದು ತೆಳ್ಳಗೆ, ಅವನದ್ದು ಗಂಜಿಯ ಹಾಗೆ ಮಂದ. ಅಯೋಡಿನ್ ಬಿಟ್ಟೆ. ನನ್ನದು ಚಹಾ ಬಣ್ಣ ಹಾಗೇ ಉಳಿಯಿತು. ಅವನದ್ದಕ್ಕೆ ಹನಿ ಬಿದ್ದ ಕಡೆಯಿಂದ ಇಂಕು ಚೆಲ್ಲಿದ ಹಾಗೆ ನೀಲಿ ಹರಡಿ, ಪೂರ್ತಿ ಕಪ್ಪಾಯಿತು. ಅಮ್ಮ ಪಕ್ಕದಲ್ಲಿ ನಿಂತು ನೋಡಿದರು. 'ಇದನ್ನಾ ಕ್ಯಾನ್ಸರ್‌ಗೆ ಕೊಡೋದು?' ಅಂದರು.

ವ್ಯಾಪಾರಿಗೆ ಆಗುವುದಿಲ್ಲ ಅಂತ ಹೇಳಿದೆ. ಚೀಲದ ಮೇಲೆ ಹೆಸರು, ಯಾವುದರ ಮೇಲೆ ಬೆಳೆದದ್ದು, ಕೊಯ್ದ ತಿಂಗಳು, ತೂಕ ಇಷ್ಟೇ ಹಾಕುತ್ತೇನೆ ಅಂದೆ. ಹಾಗಾದರೆ ಅರ್ಧ ರೇಟು ಅಂದ. ಬೇಡ ಅಂದೆ. ಕೆಳಗೆ ಒಂದು ಸಾಲು ಬರೆಸುತ್ತಿದ್ದೇನೆ: 'ಯಾವುದೇ ಚಿಕಿತ್ಸೆ ನಡೆಯುತ್ತಿದ್ದರೆ ಡಾಕ್ಟರಿಗೆ ಹೇಳದೆ ಕುಡಿಯಬೇಡಿ.' ಆನೆಗೊಂದಿ ಅಕ್ಕ, ಇದು ನಿಮ್ಮ ಅತ್ತೆಯನ್ನು ನೆನೆದು ಬರೆದದ್ದು.

ಮುಂದಿನ ಸಲ ಕೆಂಪು ಅಣಬೆ 50 ಚೀಲ ಮಾತ್ರ. ಉಳಿದ ಜಾಗಕ್ಕೆ ಹಾಲು ಅಣಬೆ. ಸಂತೆಯಲ್ಲಿ ಸಂಜೆಯೊಳಗೆ ಖಾಲಿ ಆಗುತ್ತದೆ, ಯಾರೂ ಏನೂ ಸುಳ್ಳು ಹೇಳಬೇಕಿಲ್ಲ.

ಗುಲಾಬಿ ಮೇಡಂ, ಒಂದು ಆಸೆ ಇದೆ. ನನ್ನ ಅಣಬೆಯನ್ನೇ ಸರಿಯಾಗಿ, ಎಲ್ಲ ಸಾಲು ಇಟ್ಟು ಪರೀಕ್ಷೆ ಮಾಡಲು ಆಗುತ್ತದಾ? ಮಾರಲಿಕ್ಕಲ್ಲ. ಅದರಲ್ಲಿ ಏನಿದೆ ಅಂತ ನನಗೆ ತಿಳಿಯಬೇಕು.

ಗುಲಾಬಿ ಮೀಡಿಯಂ, ರಾಯಚೂರು

ಆಗುತ್ತದೆ ತಮ್ಮ. ನಾನು ಈಗ ಪಾಠ ಮಾಡುವ ಕಡೆ ಇಬ್ಬರು ಎಂ.ಎಸ್ಸಿ. ಮಕ್ಕಳು ಪ್ರಾಜೆಕ್ಟ್ ಹುಡುಕುತ್ತಿದ್ದಾರೆ. ಹೇಲಾ ಜೊತೆಗೆ ಒಂದು ಸಾಮಾನ್ಯ ಕೋಶವನ್ನೂ ಇಡುತ್ತೇವೆ. ನೀರಿನ ಸಾರ, ಆಲ್ಕೋಹಾಲ್ ಸಾರ, ಎರಡೂ ಮಾಡುತ್ತೇವೆ. ಏನೂ ಬರದಿದ್ದರೂ ಏನೂ ಬರಲಿಲ್ಲ ಅಂತಲೇ ಬರೆಯುತ್ತೇವೆ. ಅದಕ್ಕೂ ಮೊದಲು ಸೀಸ, ಕ್ಯಾಡ್ಮಿಯಂ ಇದೆಯಾ ಅಂತ ನೋಡಿಸಬೇಕು, ಅಣಬೆ ತಾನು ಬೆಳೆಯುವ ಹೊಟ್ಟಿನಿಂದ ಲೋಹಗಳನ್ನು ಎಳೆದುಕೊಳ್ಳುತ್ತದೆ. ಯಾವ ಸಾಮಿಲ್‌ನ ಹೊಟ್ಟು, ಯಾವ ಮರ ಅಂತ ಕೇಳಿ ಬರೆದುಕೊಂಡು ಬನ್ನಿ.

ಒಣಗಿದ್ದು 100 ಗ್ರಾಂ ಸಾಕು. ಪ್ಲಾಸ್ಟಿಕ್ ಬೇಡ, ಕಾಗದದ ಕವರ್. ಕೊಯ್ದ ತಾರೀಕು ಮೇಲೆ ಬರೆಯಿರಿ. ಜಿಂಕೆ ಕೊಂಬಿನ ಹಾಗೆ ಬಂದದ್ದು ಉಳಿದಿದ್ದರೆ ಅದನ್ನೂ ಬೇರೆ ಕವರ್‌ನಲ್ಲಿ ತನ್ನಿ. ಎರಡರಲ್ಲೂ ಕಹಿ ಒಂದೇ ಇದೆಯಾ ಅಂತ ನೋಡೋಣ.

ನೆಲ್ಲುಹುಲ್ಲು, ಸಿಂಧನೂರು

ಕೊಂಬಿನದ್ದು ಏಳು ಇವೆ ಅಕ್ಕ. ಬುಧವಾರ ಮೊದಲ ಬಸ್ಸಿಗೆ ಬರುತ್ತೇನೆ.